ಎಂಟು ತಿಂಗಳಾಯಿತು, ಅನುದಾನ ಖರ್ಚಾಗುತ್ತಿಲ್ಲ. ಹಣ ವಾಪಸ್ ಹೋಗುತ್ತದೆಯೇ?

ಪ್ರಶ್ನೆ: ಅಮೆರಿಕದ ಒಹಾಯೊ ರಾಜ್ಯದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಎಂಟು ತಿಂಗಳಿಂದ ಗ್ರಾಂಟ್ ಕೋಆರ್ಡಿನೇಟರ್ ಆಗಿದ್ದೇನೆ. ಬೆಂಗಳೂರಿನಲ್ಲಿ ಎಚ್‌ಆರ್ ಕೆಲಸ ಮಾಡಿದ್ದೆ, ಸರ್ಕಾರಿ ಅನುದಾನದ ಲೋಕ ನನಗೆ ಹೊಸದು. ಫೆಡರಲ್ ಕಾರ್ಮಿಕ ಇಲಾಖೆಯಿಂದ ನಾಲ್ಕು ವರ್ಷಕ್ಕೆ 18 ಲಕ್ಷ ಡಾಲರ್ ಮಂಜೂರಾಗಿದೆ. ಮೂರು ಕೋರ್ಸ್‌ಗಳಿವೆ: ಸಿಎನ್‌ಎ, ಅಂದರೆ ನರ್ಸಿಂಗ್ ಸಹಾಯಕರ ತರಬೇತಿ, ವೆಲ್ಡಿಂಗ್, ಕಾರ್ಖಾನೆ ಯಂತ್ರಗಳ ನಿರ್ವಹಣೆ. ಮೊದಲ ವರ್ಷದ ಗುರಿ 120 ಜನ. ವಿಚಾರಿಸಿದವರು 210, ಮಾಹಿತಿ ಸಭೆಗೆ ಬಂದವರು 74, ದಾಖಲೆ ಪೂರ್ತಿ ಕೊಟ್ಟವರು 41, ಸೇರಿದವರು 34. ತರಗತಿ ಮುಗಿಸಿದವರು 22, ಹೆಚ್ಚಿನವರು ಸಿಎನ್‌ಎಯವರೇ. ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆದವರು 9. ಕೆಲಸದ ಸ್ಥಳದ ಸುರಕ್ಷತೆ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಓಷಾದ 10 ಗಂಟೆಯ ಸುರಕ್ಷತಾ ಕಾರ್ಡ್ 30 ಜನರಿಗೆ ಸಿಕ್ಕಿದೆ, ಅದನ್ನೂ ಸರ್ಟಿಫಿಕೇಟ್ ಲೆಕ್ಕಕ್ಕೆ ಸೇರಿಸಬಹುದೇ? ಖರ್ಚಾಗಿರುವುದು ಶೇ. 6 ಮಾತ್ರ, ವೆಲ್ಡಿಂಗ್ ಯಂತ್ರಗಳು ಬಂದಿಲ್ಲ. ‘ಹಣ ಉಳಿದರೆ ವಾಪಸ್ ಹೋಗುತ್ತದೆ, ಮುಂದೆ ಯಾರೂ ಕೊಡುವುದಿಲ್ಲ. ಇಬ್ಬರು ಅಧ್ಯಾಪಕರ ಸಂಬಳ ಈ ಸೆಮಿಸ್ಟರ್‌ನಿಂದ ಗ್ರಾಂಟ್‌ಗೆ ಹಾಕೋಣ, ಬಜೆಟ್‌ನಲ್ಲಿ ಹೇಗೂ ಇದೆಯಲ್ಲ’ ಅನ್ನುತ್ತಾರೆ ಡೀನ್. ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ನನ್ನ ತಲೆಗೆ ಬರುತ್ತದೆಯೇ ಎಂದು ನಿದ್ದೆ ಬರುತ್ತಿಲ್ಲ. ಜೊತೆಗೆ, ಕನ್ನಡ ಕೂಟದ ಇಬ್ಬರು ಗೆಳತಿಯರು ಎಚ್-4 ವೀಸಾದಲ್ಲಿದ್ದಾರೆ, ಅಂದರೆ ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರ ಸಂಗಾತಿಗಳಾಗಿ ಬಂದವರು. ಸಿಎನ್‌ಎ ತರಬೇತಿಗೆ ಸೇರಿಸಿಕೊಳ್ಳಿ ಎಂದು ಕೇಳುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಹೆಣೆದುಕೊಂಡಿವೆ: ಹಣ ವಾಪಸ್ ಹೋಗುವುದು, ಗುರಿ ತಪ್ಪುವುದು, ಆಡಿಟ್. ಬಿಡಿಸಿ ನೋಡಿದರೆ ಮೊದಲನೆಯದು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಎರಡನೆಯದು ನಿಜ, ಆದರೆ ಇನ್ನೂ ಸರಿಪಡಿಸಲು ಸಮಯವಿದೆ. ಮೂರನೆಯದು ಇವತ್ತಿನ ಮಟ್ಟಿಗೆ ಇಲ್ಲ. ಡೀನ್ ಹೇಳಿದ ಹಾಗೆ ಮಾಡಿದರೆ ಅದು ತಾನಾಗಿ ಹುಟ್ಟಿಕೊಳ್ಳುತ್ತದೆ.

ಹಣದ ವಿಷಯ

ಫೆಡರಲ್ ಅನುದಾನವೆಂದರೆ ಕಾಲೇಜಿನ ಖಾತೆಗೆ ಬಂದು ಕೂತ ಗಂಟಲ್ಲ. ಕೆಲಸ ನಡೆದ ಹಾಗೆ, ಖರ್ಚಿಗೆ ತಕ್ಕಷ್ಟನ್ನು ಕಾಲೇಜು ಪಡೆದುಕೊಳ್ಳುತ್ತಾ ಹೋಗುತ್ತದೆ. ಅವಧಿ ಮುಗಿದಾಗ ಪಡೆಯದೆ ಬಿಟ್ಟ ಹಣ ಸರ್ಕಾರದ ಹತ್ತಿರವೇ ಉಳಿಯುತ್ತದೆ. ಉಳಿಸಿದ್ದಕ್ಕೆ ದಂಡವಿಲ್ಲ, ಅದು ಆಡಿಟ್ ಆಕ್ಷೇಪವೂ ಅಲ್ಲ.

ಹಾಗೆಂದು ಡೀನ್ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. 48 ತಿಂಗಳಲ್ಲಿ 8 ಕಳೆದಿವೆ, ಅಂದರೆ ಅವಧಿಯ ಶೇ. 17. ಖರ್ಚು ಶೇ. 6. ಈ ಅಂತರ ಇಲಾಖೆಯ ಪ್ರೋಗ್ರಾಂ ಆಫೀಸರ್ ಕಣ್ಣಿಗೆ ಬಿದ್ದೇ ಬೀಳುತ್ತದೆ. ಪ್ರತಿ ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಇಟಿಎ-9130 ಎಂಬ ಹಣಕಾಸು ವರದಿ ಹೋಗುತ್ತದಲ್ಲ, ಅದನ್ನು ಅವರು ಓದುತ್ತಾರೆ. ಮುಂದಿನ ಅರ್ಜಿಗಳಲ್ಲಿ ಹಿಂದಿನ ಸಾಧನೆಗೂ ಅಂಕ ಇರುತ್ತದೆ. ಆದ್ದರಿಂದ ಖರ್ಚು ನಿಧಾನವಾಗಿರುವುದಕ್ಕಿಂತ, ಯಾಕೆ ನಿಧಾನ ಎಂದು ವರದಿಯಲ್ಲಿ ಬರೆಯದಿರುವುದು ಹೆಚ್ಚು ಅಪಾಯ.

ಆ ವರದಿಯಲ್ಲಿ ಖರ್ಚಿಗೊಂದು ಸಾಲು (ಸಾಮಾನು ಬಂದಿದ್ದರೆ ಬಿಲ್ ಕಟ್ಟದಿದ್ದರೂ ಅದು ಖರ್ಚೇ), ಬದ್ಧವಾಗಿದ್ದರೂ ಇನ್ನೂ ಖರ್ಚಾಗದ ಹಣಕ್ಕೆ ಬೇರೆ ಸಾಲು ಇದೆ. ಪರ್ಚೇಸ್ ಆರ್ಡರ್ ಹೊರಟಿರುವ ಯಂತ್ರಗಳ ಬೆಲೆ ಎರಡನೆಯ ಸಾಲಿನಲ್ಲಿ ಬರಬೇಕು. ಹೊಸ ಕೋಆರ್ಡಿನೇಟರ್‌ಗಳಿರುವ ಕಾಲೇಜುಗಳಲ್ಲಿ ಇದು ಬಿಟ್ಟುಹೋಗುವುದು ಪದೇ ಪದೇ ಕಾಣುವ ತಪ್ಪು. ಅಕೌಂಟ್ಸ್ ವಿಭಾಗಕ್ಕೆ ಆರ್ಡರ್‌ಗಳ ಪಟ್ಟಿಯನ್ನು ತ್ರೈಮಾಸಿಕ ಮುಗಿಯುವ ವಾರದಲ್ಲೇ ನೀವು ಕಳಿಸಿಕೊಡಿ. ಶೇ. 6 ಎನ್ನುವ ಅಂಕಿಯ ಪಕ್ಕದಲ್ಲಿ ಬದ್ಧವಾದ ಹಣವೂ ಕಂಡರೆ ಡೀನ್ ಆತಂಕ ಅರ್ಧ ಇಳಿಯುತ್ತದೆ.

ಸಂಬಳ ಗ್ರಾಂಟ್‌ಗೆ ಹಾಕುವುದು

ನಿಮ್ಮ ಪತ್ರದಲ್ಲಿ ನಿಜವಾಗಿ ಗಾಬರಿಪಡಬೇಕಾದ ವಾಕ್ಯ ಇದೇ. ‘ಬಜೆಟ್‌ನಲ್ಲಿದೆ’ ಎಂಬುದು ಅನುಮತಿಯ ಮೇಲ್ಮಿತಿ ಅಷ್ಟೇ, ಖರ್ಚಿಗೆ ಆಧಾರವಲ್ಲ. ಫೆಡರಲ್ ಅನುದಾನಗಳ ಸಾಮಾನ್ಯ ನಿಯಮಾವಳಿ 2 ಸಿಎಫ್‌ಆರ್ 200. ಅದರ ಸಂಬಳದ ಭಾಗ, 200.430, ಇದನ್ನು ನೇರವಾಗಿ ಹೇಳುತ್ತದೆ: ಬಜೆಟ್ ಅಂದಾಜು ಒಂದೇ ಸಂಬಳದ ಖರ್ಚನ್ನು ಸಮರ್ಥಿಸಲಾರದು, ನಿಜವಾಗಿ ಮಾಡಿದ ಕೆಲಸದ ದಾಖಲೆ ಬೇಕು. ಆ ದಾಖಲೆ ಗ್ರಾಂಟ್‌ನ ಗಂಟೆಗಳಿಗಷ್ಟೇ ಸೀಮಿತವಾದರೆ ಸಾಲದು. ನೌಕರರ ಒಟ್ಟು ಕೆಲಸ, ನೂರಕ್ಕೆ ನೂರು, ಅದರಲ್ಲಿ ಕಾಣಬೇಕು.

ಒಬ್ಬ ಅಧ್ಯಾಪಕರು ವಾರದ 40 ಗಂಟೆಯಲ್ಲಿ 10 ಗಂಟೆ ಗ್ರಾಂಟ್ ತರಗತಿಗೆ ಕೊಟ್ಟರೆ ಸಂಬಳದ ಶೇ. 25 ಮಾತ್ರ ಗ್ರಾಂಟ್‌ಗೆ. ಬಜೆಟ್‌ನಲ್ಲಿ ಶೇ. 50 ಬರೆದಿದ್ದರೂ ಅಷ್ಟೇ. ಇನ್ನೊಂದು ಸೂಕ್ಷ್ಮವಿದೆ. ಹನ್ನೆರಡು ಜನರ ತರಗತಿಯಲ್ಲಿ ಐವರು ಗ್ರಾಂಟ್‌ನವರು, ಉಳಿದ ಏಳು ಜನ ತಾವೇ ಫೀ ಕಟ್ಟಿ ಬಂದವರು ಎಂದುಕೊಳ್ಳಿ. ಇಡೀ ತರಗತಿಯ ಖರ್ಚನ್ನು ಗ್ರಾಂಟ್ ಮೇಲೆ ಹಾಕಿದರೆ ಏಳು ಜನರ ಪಾಲಿಗೆ ಕಾಲೇಜು ಎರಡು ಕಡೆಯಿಂದ ಹಣ ಪಡೆದಂತಾಗುತ್ತದೆ. ಹನ್ನೆರಡರಲ್ಲಿ ಐದು ಪಾಲು ಎಂದು ಹಂಚಿ, ಹಂಚಿದ ವಿಧಾನವನ್ನು ಬರೆದಿಡಿ. ಈ ಇಬ್ಬರೂ ಮೊದಲಿನಿಂದ ಕಾಲೇಜಿನ ಹಣದಲ್ಲೇ ಇದೇ ಪಾಠ ಮಾಡುತ್ತಿದ್ದರೆ, ಹೊಸ ಕೆಲಸವೇನೂ ಇಲ್ಲದೆ ಸಂಬಳದ ಮೂಲವನ್ನಷ್ಟೇ ಬದಲಿಸುವುದನ್ನು ಯಾವ ಆಡಿಟರ್ ಕೂಡ ಒಪ್ಪುವುದಿಲ್ಲ. ನಿಮ್ಮ ಕಾಲೇಜಿಗೆ ವೃತ್ತಿಶಿಕ್ಷಣಕ್ಕೆ ಪರ್ಕಿನ್ಸ್ ಎಂಬ ಫೆಡರಲ್ ಕಾನೂನಿನಡಿ ಕೊಡುವ ಹಣವೂ ಬರುತ್ತಿರಬಹುದು. ಇರುವ ಖರ್ಚಿನ ಜಾಗಕ್ಕೆ ಅನುದಾನ ಬರಕೂಡದು, ಇರುವುದರ ಮೇಲೆ ಸೇರಬೇಕು ಎಂಬ ಷರತ್ತು ಆ ಕಾನೂನಿನಲ್ಲೇ ಇದೆ.

ಒಪ್ಪದ ಖರ್ಚನ್ನು ಕಾಲೇಜು ತನ್ನ ಸ್ವಂತ ಹಣದಿಂದ ಮರಳಿಸಬೇಕಾಗುತ್ತದೆ, ಇನ್ನೊಂದು ಫೆಡರಲ್ ಅನುದಾನದಿಂದ ತುಂಬುವ ಹಾಗಿಲ್ಲ. ನಿಮ್ಮ ಮೇಲೆ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ: ಲೆಕ್ಕದ ಪ್ರಾಮಾಣಿಕ ತಪ್ಪಿಗೆ ಹೊಣೆ ಸಂಸ್ಥೆಯದು. ಗೊತ್ತಿದ್ದೂ ಸುಳ್ಳು ಟೈಮ್ ಶೀಟ್‌ಗೆ ಸಹಿ ಹಾಕಿದರೆ ಹೊಣೆ ಸಹಿ ಹಾಕಿದವರದೂ ಆಗುತ್ತದೆ. ಡೀನ್ ಜೊತೆ ಇದನ್ನು ಜಗಳ ಮಾಡಿಕೊಳ್ಳಬೇಕಿಲ್ಲ. ‘ಈ ಇಬ್ಬರು ಗ್ರಾಂಟ್‌ಗೆ ವಾರಕ್ಕೆ ಎಷ್ಟು ಗಂಟೆ ಕೊಡುತ್ತಾರೆ ಎಂದು ತಿಳಿಸಿದರೆ ಅಷ್ಟನ್ನು ಈ ತಿಂಗಳಿಂದಲೇ ಹಾಕುತ್ತೇನೆ’ ಎಂದು ಇಮೇಲ್‌ನಲ್ಲಿ ಕೇಳಿ. ಹೆಚ್ಚಿನ ಡೀನ್‌ಗಳು ಅಲ್ಲಿಗೆ ನಿಲ್ಲುತ್ತಾರೆ. ನಿಲ್ಲದಿದ್ದರೆ ಕಾಲೇಜಿನ ಗ್ರಾಂಟ್ಸ್ ಅಕೌಂಟೆಂಟ್ ಅವರನ್ನು ಮಾತುಕತೆಗೆ ಕರೆಯಿರಿ.

ಯಂತ್ರಗಳು

ಅರ್ಜಿಯಲ್ಲಿ ಪಟ್ಟಿ ಕೊಟ್ಟು ಅರ್ಜಿ ಮಂಜೂರಾಗಿದೆ, ಆದ್ದರಿಂದ ಯಂತ್ರಕ್ಕೂ ಒಪ್ಪಿಗೆ ಸಿಕ್ಕಿದೆ ಎಂಬುದು ಬಹಳ ಕಡೆ ಕಾಣುವ ತಪ್ಪು ನಂಬಿಕೆ. ನಿಯಮದ ಲೆಕ್ಕದಲ್ಲಿ ‘ಉಪಕರಣ’ ಎನಿಸಿಕೊಳ್ಳುವ ವಸ್ತುವಿಗೆ ಮುಂಚಿತವಾಗಿ ಲಿಖಿತ ಒಪ್ಪಿಗೆ ಬೇಕು. ಮಂಜೂರಾತಿ ಪತ್ರದ ಷರತ್ತುಗಳನ್ನು ತೆಗೆದು ನೋಡಿ. ಕಾರ್ಮಿಕ ಇಲಾಖೆಯ ಷರತ್ತುಗಳಲ್ಲಿ ಉಪಕರಣಗಳಿಗೇ ಪ್ರತ್ಯೇಕ ಭಾಗವಿರುತ್ತದೆ. ಕೊನೆಯ ವರ್ಷದಲ್ಲಿ ಉಪಕರಣ ಕೊಳ್ಳುವುದಕ್ಕೆ ತಡೆ ಇರುವುದೂ ಸಾಮಾನ್ಯ, ಆದ್ದರಿಂದ ‘ಮುಂದೆ ನೋಡೋಣ’ ಎಂದು ಬಿಡಬೇಡಿ. 2 ಸಿಎಫ್‌ಆರ್ 200ಕ್ಕೆ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಉಪಕರಣದ ಮಿತಿ ಒಂದು ವಸ್ತುವಿಗೆ 5,000 ಡಾಲರ್‌ನಿಂದ 10,000ಕ್ಕೆ ಏರಿತು. ಆದರೆ ನಿಮ್ಮ ಕಾಲೇಜಿನ ಲೆಕ್ಕಪತ್ರದಲ್ಲಿ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಆ ಕಡಿಮೆ ಮಿತಿಯೇ ಅನ್ವಯ.

ಯಂತ್ರ ಬಂದ ಮೇಲೂ ತರಗತಿ ನಿಲ್ಲುವುದಕ್ಕೆ ಕಾರಣ ಹೆಚ್ಚಾಗಿ ಕಟ್ಟಡ. ವೆಲ್ಡಿಂಗ್ ಬೂತ್‌ಗಳ ಜಾಗಕ್ಕೆ ತ್ರೀ ಫೇಸ್ ವಿದ್ಯುತ್ ಇದೆಯೇ, ಹೊಗೆ ಹೀರುವ ಎಕ್ಸಾಸ್ಟ್ ವ್ಯವಸ್ಥೆಗೆ ಸಾಮರ್ಥ್ಯ ಸಾಕೇ ಎಂದು ಕಟ್ಟಡ ನೋಡಿಕೊಳ್ಳುವವರಿಂದ ಈ ವಾರವೇ ಬರೆಸಿಕೊಳ್ಳಿ. ಕಟ್ಟಡದ ಕೆಲಸಕ್ಕೆ ಇಂಥ ಅನುದಾನದ ಹಣ ಬಳಸುವುದಕ್ಕೆ ಬಿಗಿಯಾದ ಮಿತಿಗಳಿವೆ. ಸಣ್ಣ ಮಾರ್ಪಾಡಿಗೂ ಮೊದಲು ಕೇಳಬೇಕು. ಬಜೆಟ್‌ನಲ್ಲಿ ಸದಾ ಕಡಿಮೆ ಬೀಳುವುದು ಖರ್ಚಾಗಿ ಹೋಗುವ ಸಾಮಾನು: ಇ7018 ವೆಲ್ಡಿಂಗ್ ರಾಡ್, ಅದನ್ನು ತೇವವಾಗದಂತೆ ಬಿಸಿಯಾಗಿಡುವ ಓವನ್, ಅಭ್ಯಾಸಕ್ಕೆ ಕತ್ತರಿಸಿದ ಉಕ್ಕಿನ ಪ್ಲೇಟ್, ಗ್ಯಾಸ್, ಗ್ರೈಂಡಿಂಗ್ ಡಿಸ್ಕ್, ಪ್ರತಿಯೊಬ್ಬರಿಗೂ ಹೆಲ್ಮೆಟ್, ಕೈಗವಸು. ಪ್ಲೇಟ್ ಉಳಿಸಲು ಹೋಗಿ ಅಭ್ಯಾಸ ಕಡಿಮೆ ಮಾಡಿದರೆ ಪರೀಕ್ಷೆಯಲ್ಲಿ ಬೆಸುಗೆ ಬಗ್ಗಿಸಿ ನೋಡುವಾಗ ಬಿರುಕು ಬಿಡುತ್ತದೆ.

ಅಲ್ಲಿಯತನಕ ಕಾಯಬೇಕಿಲ್ಲ. ಒಹಾಯೊದ ಜಿಲ್ಲೆಗಳಲ್ಲಿ ಹೈಸ್ಕೂಲ್ ಮಕ್ಕಳಿಗೆ ವೃತ್ತಿ ಕಲಿಸುವ ಕೆರಿಯರ್ ಸೆಂಟರ್‌ಗಳಿವೆ. ಅವುಗಳಲ್ಲಿ ಕೆಲವು ವೆಲ್ಡಿಂಗ್ ಶಾಪ್‌ಗಳಾದರೂ ಸಂಜೆ ಖಾಲಿ ಇರುತ್ತವೆ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೇಳಿ. ವಿಮೆ ಯಾರದು, ಸಾಮಾನು ಯಾರದು, ಯಂತ್ರ ಕೆಟ್ಟರೆ ರಿಪೇರಿ ಯಾರದು ಎಂಬುದು ಒಪ್ಪಂದದಲ್ಲಿರಲಿ.

34ರಿಂದ 9ಕ್ಕೆ ಇಳಿದದ್ದು ಎಲ್ಲಿ

ನೀವು ಈ ಅಂಕಿಗಳನ್ನು ಹಂತಹಂತವಾಗಿ ಇಟ್ಟುಕೊಂಡಿರುವುದು ನನಗೆ ಬಹಳ ಸಮಾಧಾನ ಕೊಟ್ಟಿತು. ಎಷ್ಟೋ ಕಡೆ ‘ಜನ ಬರ್ತಾ ಇಲ್ಲ’ ಎಂಬ ಮಾತು ಬಿಟ್ಟರೆ ಬೇರೆ ಲೆಕ್ಕವೇ ಸಿಗುವುದಿಲ್ಲ. ನಿಮ್ಮ ಅಂಕಿಗಳು ಬೇರೆ ಕಥೆ ಹೇಳುತ್ತವೆ: 210 ಜನ ವಿಚಾರಿಸಿದ್ದಾರೆ. ಜಾಹೀರಾತು ಕೆಲಸ ಮಾಡಿದೆ. ಅದಕ್ಕೆ ಇನ್ನಷ್ಟು ಹಣ ಸುರಿಯಬೇಡಿ.

ಮೊದಲು ನೋಡಬೇಕಾದದ್ದು ಕೊನೆಯ ಹಂತ. ತರಗತಿ ಮುಗಿಸಿದ 22 ಜನರಲ್ಲಿ 13 ಜನರಿಗೆ ಸರ್ಟಿಫಿಕೇಟ್ ಇಲ್ಲ. ಅವರ ಮೇಲೆ ಪೂರ್ತಿ ಖರ್ಚಾಗಿದೆ, ಅವರ ದುಡಿಮೆಯೂ ಸಂದಿದೆ. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗಿರುವುದು ಇಲ್ಲಿ. ಕಾರಣಗಳು ನಾಲ್ಕೈದೇ. ಸಿಎನ್‌ಎ ಪರೀಕ್ಷೆ ಪಾಸಾಗದವರನ್ನೂ ನರ್ಸಿಂಗ್ ಹೋಂಗಳು ನಾಲ್ಕು ತಿಂಗಳವರೆಗೆ ಕೆಲಸಕ್ಕೆ ಇಟ್ಟುಕೊಳ್ಳಲು ಫೆಡರಲ್ ನಿಯಮದಲ್ಲಿ ಅವಕಾಶವಿದೆ. ಸಂಬಳ ಶುರುವಾದ ಮೇಲೆ ಪರೀಕ್ಷೆ ‘ಮುಂದಿನ ವಾರ’ ಆಗುತ್ತಾ ಹೋಗುತ್ತದೆ. ಮಿಕ್ಕವರಿಗೆ ಪರೀಕ್ಷಾ ಶುಲ್ಕ, ದೂರದ ಕೇಂದ್ರ, ಆನ್‌ಲೈನ್ ಅರ್ಜಿಯ ತೊಡಕು. ಇನ್ನು ಕೆಲವರಿಗೆ ಗುರುತಿನ ಚೀಟಿಯಲ್ಲಿರುವ ಹೆಸರು, ಅರ್ಜಿಯಲ್ಲಿರುವ ಹೆಸರು ಬೇರೆಯಾಗಿ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ವಾಪಸ್.

ಆದ್ದರಿಂದ ಪರೀಕ್ಷೆಯ ದಿನವನ್ನು ಕೋರ್ಸ್ ವೇಳಾಪಟ್ಟಿಯೊಳಗೇ ತನ್ನಿ. ತಂಡ ಶುರುವಾಗುವ ಮೊದಲೇ ದಿನಾಂಕ ಗೊತ್ತಿರಲಿ. ಅರ್ಜಿಯನ್ನು ಎರಡನೇ ವಾರ ತರಗತಿಯಲ್ಲೇ ಎಲ್ಲರೂ ಕೂತು ತುಂಬಲಿ, ಹೆಸರನ್ನು ಗುರುತಿನ ಚೀಟಿ ಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ನೋಡಲಿ. ಶುಲ್ಕವನ್ನು ಗ್ರಾಂಟ್ ನೇರವಾಗಿ ಪರೀಕ್ಷಾ ಸಂಸ್ಥೆಗೆ ಕಟ್ಟಲಿ. ವಿದ್ಯಾರ್ಥಿ ಕಟ್ಟಿ ಆಮೇಲೆ ಮರಳಿ ಪಡೆಯುವ ವ್ಯವಸ್ಥೆ, ತಿಂಗಳ ಕೊನೆಗೆ ಕೈ ಖಾಲಿ ಇರುವವರನ್ನು ಹೊರಗಿಡುತ್ತದೆ. ಹಿಂದಿನ ದಿನ ಒಂದು ಪೂರ್ತಿ ಪ್ರಾಯೋಗಿಕ ಅಭ್ಯಾಸ ಇಡಿ. ಆ 13 ಜನರಿಗೆ ಈ ವಾರ ಒಬ್ಬೊಬ್ಬರಾಗಿ ಫೋನ್ ಮಾಡಿ. ಪರೀಕ್ಷೆಗೆ ಹೋಗದವರು ಯಾರು, ಹೋಗಿ ಫೇಲಾದವರು ಯಾರು ಎಂದು ಬೇರ್ಪಡಿಸಿ. ಸಿಎನ್‌ಎ ಪರೀಕ್ಷೆಗೆ ಯಾವ ರಾಜ್ಯವೂ ಮೂರಕ್ಕಿಂತ ಕಡಿಮೆ ಅವಕಾಶ ಕೊಡುವ ಹಾಗಿಲ್ಲ. ಆದ್ದರಿಂದ ಒಮ್ಮೆ ಫೇಲಾದವರ ದಾರಿ ಮುಚ್ಚಿಲ್ಲ.

ಓಷಾ ಕಾರ್ಡ್ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಮಿಕ ಇಲಾಖೆಯ ಮಾರ್ಗಸೂಚಿಯಲ್ಲಿ ಸಾಮಾನ್ಯ ಸುರಕ್ಷತೆ, ಸ್ವಚ್ಛತೆಯ ಪ್ರಮಾಣಪತ್ರಗಳು, ಕೆಲಸಕ್ಕೆ ಸಿದ್ಧತೆಯ ಪ್ರಮಾಣಪತ್ರಗಳು ‘ಸರ್ಟಿಫಿಕೇಟ್ ಗಳಿಕೆ’ಯ ಹೊರಗಿವೆ. ಅದನ್ನು ಕೊಡಿಸುವುದು ಒಳ್ಳೆಯದೇ, ಕಾರ್ಖಾನೆಗಳೂ ಕೇಳುತ್ತವೆ. ಆದರೆ 9 ಎಂಬ ಜಾಗದಲ್ಲಿ 39 ಎಂದು ಬರೆದರೆ ಮುಂದಿನ ವರ್ಷ ತಿದ್ದುಪಡಿ ವರದಿ ಕೊಡಬೇಕಾದೀತು.

ಈಗ ಮೊದಲ ಹಂತ. ವಿಚಾರಿಸಿದವರಲ್ಲಿ 136 ಜನ ಸಭೆಗೇ ಬಂದಿಲ್ಲ. ಸಭೆ ಎಷ್ಟು ಹೊತ್ತಿಗೆ ಎಂದು ನೀವು ಬರೆದಿಲ್ಲ. ಕೆಲಸದ ದಿನ ಮಧ್ಯಾಹ್ನ ಕ್ಯಾಂಪಸ್‌ನಲ್ಲಾದರೆ ಕಾರಣ ಹುಡುಕಬೇಕಿಲ್ಲ. ಅಂಗಡಿಯಲ್ಲೋ ಗೋದಾಮಿನಲ್ಲೋ ಗಂಟೆ ಲೆಕ್ಕದಲ್ಲಿ ದುಡಿಯುವವರು ಬರಲಾರರು. ವಿಚಾರಿಸಿದ ದಿನವೇ ಅಥವಾ ಮರುದಿನ ಮೊಬೈಲ್‌ಗೆ ಸಂದೇಶ ಹೋಗಲಿ. ಸಂಜೆ 7ರ ಹೊತ್ತಿಗೆ ಫೋನ್‌ನಲ್ಲೇ ಅರ್ಧ ಗಂಟೆಯ ಮಾಹಿತಿ ಕೊಡಿ. ದಾಖಲೆಗಳ ಫೋಟೋವನ್ನು ಕಾಲೇಜಿನ ಸುರಕ್ಷಿತ ಅಪ್‌ಲೋಡ್ ಕೊಂಡಿಯಲ್ಲಿ ಪಡೆಯಿರಿ. ಇಮೇಲ್‌ನಲ್ಲಿ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ತರಿಸಿಕೊಳ್ಳಬೇಡಿ. ಮುಂದಿನ ತಂಡ ಶುರುವಾಗಲು ಎರಡು ತಿಂಗಳಿದ್ದರೆ ಅಷ್ಟರಲ್ಲಿ ಅವರಿಗೆ ಬೇರೆ ಕೆಲಸ ಸಿಕ್ಕಿರುತ್ತದೆ.

ಸೇರಿದ ಮೇಲೆ ಬಿಟ್ಟವರು ಮಗು ನೋಡಿಕೊಳ್ಳುವವರಿಲ್ಲದೆ, ಕಾರು ಕೆಟ್ಟು, ಪಾಳಿ ಬದಲಾಗಿ ಬಿಟ್ಟಿರುತ್ತಾರೆ. ಓದಲಾಗದೆ ಬಿಟ್ಟವರು ಕಡಿಮೆ. ಬಜೆಟ್‌ನಲ್ಲಿ ಬೆಂಬಲ ಸೇವೆಯ ಸಾಲು ಇದ್ದರೆ ಪೆಟ್ರೋಲ್, ಮಕ್ಕಳ ಆರೈಕೆ, ಸಮವಸ್ತ್ರಕ್ಕೆ ಬಳಸಿ. ಪೆಟ್ರೋಲ್ ಹಾಕಿಸಿಕೊಳ್ಳುವ ಗ್ಯಾಸ್ ಕಾರ್ಡ್ ಕೊಟ್ಟರೆ ಕಾರ್ಡ್ ಸಂಖ್ಯೆ, ಮೊತ್ತ, ದಿನಾಂಕ, ಪಡೆದವರ ಸಹಿ ಒಂದು ರಿಜಿಸ್ಟರ್‌ನಲ್ಲಿರಲಿ, ಉಳಿದ ಕಾರ್ಡ್‌ಗಳು ಬೀಗದಲ್ಲಿರಲಿ. ಯಾವುದೇ ಫೀ ಅಥವಾ ಸ್ಟೈಪೆಂಡ್ ಕಟ್ಟುವ ಮೊದಲು ಫೈನಾನ್ಶಿಯಲ್ ಏಡ್ ವಿಭಾಗಕ್ಕೆ ತಿಳಿಸಿ. ಇಲ್ಲದಿದ್ದರೆ ವಿದ್ಯಾರ್ಥಿಯ ಬೇರೆ ನೆರವಿನ ಲೆಕ್ಕ ಏರುಪೇರಾಗಿ, ಕೊಟ್ಟ ಹಣ ಅವರೇ ಮರಳಿಸಬೇಕಾಗುತ್ತದೆ.

ಕೆಲಸ ಸಿಕ್ಕಿತೇ ಎಂಬ ಲೆಕ್ಕ

ಇದು ಕೊನೆಯ ವರ್ಷ ಬಂದು ಅಪ್ಪಳಿಸುವ ವಿಷಯ, ಈಗಲೇ ತಿಳಿದಿರಲಿ. ಕೊನೆಯ ಸೇವೆ ಪಡೆದು 90 ದಿನ ಮತ್ತೇನೂ ಸೇವೆ ಇಲ್ಲದಿದ್ದರೆ ಆ ಕೊನೆಯ ಸೇವೆಯ ದಿನವೇ ‘ನಿರ್ಗಮನ’. ಉದ್ಯೋಗವನ್ನು ನೋಡುವುದು ನಿರ್ಗಮಿಸಿದ ತ್ರೈಮಾಸಿಕದ ನಂತರದ ಎರಡನೇ ಮತ್ತು ನಾಲ್ಕನೇ ತ್ರೈಮಾಸಿಕದಲ್ಲಿ. ಮೇ 20ಕ್ಕೆ ಕೊನೆಯ ಸೇವೆ ಎಂದುಕೊಳ್ಳಿ. ಆಗಸ್ಟ್ 18ರವರೆಗೆ ಬೇರೇನೂ ಇಲ್ಲದಿದ್ದರೆ ನಿರ್ಗಮನ ಮೇ 20. ಮೊದಲ ಅಳತೆ ಅಕ್ಟೋಬರ್–ಡಿಸೆಂಬರ್, ಎರಡನೆಯದು ಮರುವರ್ಷದ ಏಪ್ರಿಲ್–ಜೂನ್. ಕೆಲಸ ಸಿಕ್ಕಿತೇ ಎಂದು ನೋಡುವ ವೇತನದ ದಾಖಲೆ ಕೈಗೆ ಬರುವುದು ಇನ್ನೂ ತಡ. ಹಾಗಾಗಿ ನಾಲ್ಕನೇ ವರ್ಷದ ಕೊನೆಯಲ್ಲಿ ಸೇರಿಸಿದ ದೊಡ್ಡ ತಂಡ ನಿಮ್ಮ ಸೇರ್ಪಡೆ ಗುರಿ ತುಂಬೀತು, ಉದ್ಯೋಗದ ಗುರಿಗೆ ಸಹಾಯ ಮಾಡದು. ಮುಖ್ಯ ತಂಡಗಳೆಲ್ಲ ಮೂರನೇ ವರ್ಷದೊಳಗೆ ಮುಗಿಯಲಿ. ವೇತನ ದಾಖಲೆಯೊಂದಿಗೆ ಹೋಲಿಸಲು ಬೇಕಾದ ಲಿಖಿತ ಒಪ್ಪಿಗೆಯನ್ನು ಸೇರುವ ದಿನವೇ ಪಡೆಯಿರಿ. ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಕೊಡಲು ಒಪ್ಪದವರನ್ನು ಅದೇ ಕಾರಣಕ್ಕೆ ಕಳಿಸಬೇಡಿ, ಮುಂದೆ ಕೆಲಸದ ವಿಷಯ ವಿಚಾರಿಸಲು ಅವರ ಇಬ್ಬರು ಹತ್ತಿರದವರ ಫೋನ್ ಸಂಖ್ಯೆ ಬರೆದುಕೊಳ್ಳಿ.

ನಿಮ್ಮ ಮುಂದಿರುವ ದಾರಿಗಳು

ಗುರಿಯನ್ನು ಹಾಗೇ ಇಟ್ಟುಕೊಂಡು ತಂಡಗಳನ್ನು ಚಿಕ್ಕದು ಮಾಡಿ, ಪದೇ ಪದೇ ನಡೆಸುವುದು ಒಂದು: ವರ್ಷಕ್ಕೆರಡು ಬಾರಿ 24 ಜನರ ಬದಲು ನಾಲ್ಕೈದು ವಾರಕ್ಕೊಮ್ಮೆ 10 ಜನ. ಅಪಾಯವೆಂದರೆ ತಲಾ ಖರ್ಚು ಏರುತ್ತದೆ. ಎಂಟು ಜನಕ್ಕಿಂತ ಕಡಿಮೆಯಿದ್ದರೆ ತಂಡ ನಡೆಸುವುದಿಲ್ಲ ಎಂಬ ಗೆರೆ ಹಾಕಿಕೊಳ್ಳಿ, ನರ್ಸಿಂಗ್ ಹೋಂನಲ್ಲಿ ಪ್ರಾಯೋಗಿಕ ತರಬೇತಿಗೆ ಅಷ್ಟು ಬಾರಿ ಜಾಗ ಸಿಗುವುದೇ ಎಂದು ಮೊದಲು ಕೇಳಿ. ಎರಡನೆಯದು, ವರ್ಷವಾರು ಗುರಿಗಳನ್ನು ಮರುಹಂಚಲು ಪ್ರೋಗ್ರಾಂ ಆಫೀಸರ್‌ಗೆ ಬರೆಯುವುದು. ಒಟ್ಟು ಗುರಿ ಕಡಿಮೆ ಮಾಡಿ ಎಂದಲ್ಲ, ಮೊದಲ ವರ್ಷದ ಕೊರತೆಯನ್ನು ಎರಡನೇ, ಮೂರನೇ ವರ್ಷಕ್ಕೆ ಸೇರಿಸಲು. ಮೂರನೆಯದು, ವೆಲ್ಡಿಂಗ್ ಸೀಟುಗಳನ್ನು ಸಿಎನ್‌ಎಗೆ ವರ್ಗಾಯಿಸುವುದು. ಇದು ಯೋಜನೆಯ ವ್ಯಾಪ್ತಿಯ ಬದಲಾವಣೆ, ಮುಂಚಿತ ಅನುಮತಿ ಬೇಕು. ಬೆಂಬಲ ಪತ್ರ ಕೊಟ್ಟ ಕಾರ್ಖಾನೆಗಳ ವಿಶ್ವಾಸವೂ ಹೋಗುತ್ತದೆ.

ನನ್ನ ಸಲಹೆ: ಮೊದಲನೆಯದನ್ನು ಈಗಲೇ ಶುರುಮಾಡಿ, ಎರಡನೆಯದನ್ನು ಮುಂದಿನ ತ್ರೈಮಾಸಿಕ ವರದಿಯ ಜೊತೆ ಕಳಿಸಿ, ಮೂರನೆಯದನ್ನು ಸದ್ಯಕ್ಕೆ ಮುಟ್ಟಬೇಡಿ. ಆಫೀಸರ್ ಫೋನ್‌ನಲ್ಲಿ ‘ಸರಿ’ ಅಂದರೆ ಅದೇ ದಿನ ಇಮೇಲ್‌ನಲ್ಲಿ ಬರೆದು ಖಚಿತಪಡಿಸಿಕೊಳ್ಳಿ. ನಿಯಮದ ಲೆಕ್ಕದಲ್ಲಿ ಒಪ್ಪಿಗೆ ಎಂದರೆ ಬರಹದಲ್ಲಿರುವುದು ಮಾತ್ರ. ಇನ್ನೊಂದು ಮಾತು: ಹಣ ಖರ್ಚು ಮಾಡಲೆಂದು ಕಾಲೇಜಿನ ಹೆಸರಿನ ಟೀ ಶರ್ಟ್, ನೀರಿನ ಬಾಟಲಿ ತರಿಸಬೇಡಿ. ಪ್ರಚಾರದ ಉಡುಗೊರೆಗೆ ಫೆಡರಲ್ ಹಣ ಬಳಸುವಂತಿಲ್ಲ. ವಿದ್ಯಾರ್ಥಿಗಳನ್ನು ಸೇರಿಸಲು ಬೇಕಾದ ಜಾಹೀರಾತಿಗೆ ಅಡ್ಡಿಯಿಲ್ಲ.

ಎಚ್-4 ಗೆಳತಿಯರು

ಕಾರ್ಮಿಕ ಇಲಾಖೆಯ ತರಬೇತಿ ಅನುದಾನಗಳಲ್ಲಿ ಕೆಲವಕ್ಕೆ ಹಣ ಬರುವುದೇ ಎಚ್-1ಬಿ ಅರ್ಜಿಗೆ ಕಂಪನಿಗಳು ಕಟ್ಟುವ ಶುಲ್ಕದಿಂದ. 1998ರ ಕಾನೂನಿನಲ್ಲಿ ಹುಟ್ಟಿದ ಆ ಶುಲ್ಕದ ಅರ್ಧ ಭಾಗ ತರಬೇತಿಗೆ ಹೋಗುತ್ತದೆ. ನಮ್ಮ ಎಷ್ಟೋ ಎಂಜಿನಿಯರ್‌ಗಳ ಹೆಸರಿನಲ್ಲಿ ಕಟ್ಟಿದ ಹಣ ಅದು. ಆದರೂ ಎಚ್-4ನಲ್ಲಿದ್ದ ಮಾತ್ರಕ್ಕೆ ಈ ಸೀಟು ಸಿಗುವುದಿಲ್ಲ, ಕೆಲಸ ಮಾಡಲು ಕಾನೂನಿನ ಅನುಮತಿ ಇರಬೇಕು. 2015ರಿಂದ ಕೆಲವು ಎಚ್-4 ಸಂಗಾತಿಗಳಿಗೆ ಉದ್ಯೋಗ ಅನುಮತಿ ಕಾರ್ಡ್ ಸಿಗುತ್ತಿದೆ. ಚಾಲ್ತಿಯಲ್ಲಿರುವ ಕಾರ್ಡ್ ಇದ್ದು ನಿಮ್ಮ ಅನುದಾನದ ಉಳಿದ ಅರ್ಹತೆಗಳೂ ಕೂಡಿದರೆ ಅವರು ಎಲ್ಲರಂತೆ ಅರ್ಜಿ ಹಾಕಬಹುದು. ಕಾರ್ಡ್ ಇಲ್ಲದಿದ್ದರೂ ಎಚ್-4ನಲ್ಲಿ ಓದುವುದಕ್ಕೆ ಅಡ್ಡಿಯಿಲ್ಲ, ಸ್ವಂತ ಫೀ ಕಟ್ಟಿ ಅದೇ ಕೋರ್ಸ್‌ಗೆ ಸೇರಬಹುದು. ಆಮೇಲೆ ಕೆಲಸಕ್ಕೆ ಸೇರಲು ಮಾತ್ರ ಅನುಮತಿ ಬರುವವರೆಗೆ ಕಾಯಬೇಕು.

ಅರ್ಜಿ ಹಾಕಿದರೆ ಅವರ ಅರ್ಹತೆಯನ್ನು ನೀವು ನಿರ್ಧರಿಸಬೇಡಿ. ಪರಿಚಯದವರು ಎಂದು ನಿಮ್ಮ ಮೇಲಧಿಕಾರಿಗೆ ಎರಡು ಸಾಲು ಬರೆದು, ಕಡತವನ್ನು ಸಹೋದ್ಯೋಗಿಗೆ ಒಪ್ಪಿಸಿ. ಆ ಪತ್ರದ ಪ್ರತಿ ಇಬ್ಬರ ಕಡತದಲ್ಲೂ ಇರಲಿ.